ಮನೆವಾರ್ತೆ: ಕನ್ನಡಿ ಮೇಜಿನ ಮೂರು ಖಾನೆಗಳು

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರದು ರೇಷ್ಮೆ ಸಾಕುವ ಮನೆ. ಮದುವೆಯಲ್ಲಿ ತವರಿನವರು ನಿಲುಗನ್ನಡಿಯೂ ಮೂರು ಖಾನೆಗಳೂ ಇರುವ ಮೇಜೊಂದನ್ನು ಉಡುಗೊರೆಯಾಗಿ ಕೊಟ್ಟಿರುವರು. ಮನೆಯಲ್ಲಿ ಅತ್ತೆ, ಓರಗಿತ್ತಿ, ನಾದಿನಿ, ತಾವು ಎಂದು ನಾಲ್ವರು ಹೆಂಗಸರು. ನಾಲ್ವರಿಗೂ ಕನ್ನಡಿ ಇದೊಂದೇ. "ಖಾನೆ ಎಳೆದರೆ ಮುಚ್ಚಲು ಬಾರದು, ಮುಚ್ಚಿದರೆ ಎಳೆಯಲು ಬಾರದು. ಪೌಡರಿನ ಮೇಲೆ ಎಣ್ಣೆ, ಎಣ್ಣೆಯ ಸುತ್ತ ಇರುವೆ. ಬೇಕಾದ ಹೊತ್ತಿಗೆ ಒಂದು ಹೇರ್‌ಪಿನ್ನೂ ಸಿಕ್ಕುವುದಿಲ್ಲ. ಇವನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸುವ ಬಗೆ ತಿಳಿಸಿ" ಎಂಬುದು ಅವರ ಕೋರಿಕೆ.

ಪತ್ರ ಇಷ್ಟಕ್ಕೇ ಮುಗಿದಿದ್ದರೆ ಉತ್ತರವೂ ಚಿಕ್ಕದಾಗಿರುತ್ತಿತ್ತು. ಆದರೆ ಕೊನೆಯಲ್ಲಿ ಇನ್ನೂ ನಾಲ್ಕು ಸಾಲುಗಳಿವೆ: "ನಾದಿನಿಗೆ ಗಂಡು ನೋಡುತ್ತಿದ್ದಾರೆ. ಯಾರೋ ಪೇಟೆಯಿಂದ ತಂದುಕೊಟ್ಟ ಕ್ರೀಮನ್ನು ಹಚ್ಚುತ್ತಿದ್ದಾಳೆ. ಹದಿನೈದೇ ದಿನಕ್ಕೆ ಮುಖ ತಿಳಿಯಾಗಿದೆ. ಡಬ್ಬಿಯ ಮೇಲೆ ನಮಗೆ ಓದಲು ಬರುವ ಅಕ್ಷರವೊಂದೂ ಇಲ್ಲ. ಅದನ್ನು ಯಾವ ಖಾನೆಯಲ್ಲಿಡಲಿ?"

ಈ ವಾರದ ಅಂಕಣವನ್ನು ಪೂರ್ತಿಯಾಗಿ ಈ ಸೋದರಿಗೇ ಮೀಸಲಿಡುತ್ತಿದ್ದೇನೆ. ಖಾನೆಗಳ ಮಾತನ್ನು ಮೊದಲು ಮುಗಿಸಿ, ಆ ಡಬ್ಬಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲನೆಯದು ತಿಳಿದರೆ ಎರಡನೆಯದಕ್ಕೆ ಅರ್ಧ ಉತ್ತರ ದೊರೆತಂತೆಯೇ.

ಕನ್ನಡಿಯ ಮುಂದೆ ನಿಂತು ಸಿಂಗರಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯನ್ನು ನೋಡದವರು ಯಾರು? ಆಕೆಯ ಕೈಯಲ್ಲಿರುವುದು ಒಂದೇ ಕನ್ನಡಿ. ಅವಳಿಗೆ ಖಾನೆಗಳ ಚಿಂತೆ ಇರಲಿಲ್ಲ. ನಮ್ಮ ಅಜ್ಜಿಯಂದಿರಿಗೂ ಬಹುಮಟ್ಟಿಗೆ ಇರಲಿಲ್ಲ. ಕುಂಕುಮಕ್ಕೊಂದು ಭರಣಿ, ಕಾಡಿಗೆಗೊಂದು ಡಬ್ಬಿ, ಒಂದು ಬಾಚಣಿಗೆ, ಅಂಗೈಯಗಲದ ಕನ್ನಡಿ. ಅವರ ಅಲಂಕಾರ ಸಾಮಗ್ರಿ ಇಷ್ಟರಲ್ಲಿ ಮುಗಿಯುತ್ತಿತ್ತು. ಗೌರಿಹಬ್ಬದ ಬಾಗಿನದ ಮೊರವನ್ನು ಜ್ಞಾಪಿಸಿಕೊಳ್ಳಿ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಕಾಡಿಗೆ ಇವೆಲ್ಲವೂ ಅದರಲ್ಲಿ ಚಿಕ್ಕ ಚಿಕ್ಕದಾಗಿ ಇರುವುವು. ಪೂಜೆಯ ಅರ್ಥ ಹೇಗಾದರೂ ಇರಲಿ, ಮನೆವಾರ್ತೆಯ ದೃಷ್ಟಿಯಿಂದ ಅದರಲ್ಲೊಂದು ಜಾಣ್ಮೆಯುಂಟು: ಈ ವಸ್ತುಗಳು ಸ್ವಲ್ಪವೇ ಇರಬೇಕು, ವರುಷಕ್ಕೊಮ್ಮೆಯಾದರೂ ಹೊಸದಾಗಬೇಕು.

ಕಾಡಿಗೆಯನ್ನು ಮನೆಯಲ್ಲೇ ಕಟ್ಟುತ್ತಿದ್ದ ಕಾಲದಲ್ಲಿ ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಕೂತ ಮಸಿಯನ್ನು ಬೆಣ್ಣೆ ತುಪ್ಪಗಳಲ್ಲಿ ಕಲೆಸಿ, ಒಂದು ಪುಟ್ಟ ಡಬ್ಬಿಗೆ ತುಂಬುತ್ತಿದ್ದರು. ಮುಗಿದರೆ ಮತ್ತೆ ಕಟ್ಟುವರು. ಕೆಡುವಷ್ಟು ಕಾಲ ಉಳಿಯುವಷ್ಟನ್ನು ಯಾರೂ ಮಾಡಿಡುತ್ತಿರಲಿಲ್ಲ.

ಆಮೇಲೆ ಒಂದೊಂದೇ ಸಾಮಾನು ಸೇರಿತು. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. 1918ರಲ್ಲಿ ಅದೇ ಎಣ್ಣೆಯ ಸಾಬೂನು ಹೊರಬಂದಿತು. ಮುಂಬಯಿಯಿಂದ ಅಫ್ಘಾನ್ ಸ್ನೋ ಬಂದಿತು. 1952ರಲ್ಲಿ ಟಾಟಾ ಸಂಸ್ಥೆಯವರು ಲ್ಯಾಕ್ಮೆ ಹೆಸರಿನಲ್ಲಿ ದೇಶದಲ್ಲೇ ಸೌಂದರ್ಯ ಸಾಮಗ್ರಿಗಳನ್ನು ತಯಾರಿಸತೊಡಗಿದರು. ಆ ಹೆಸರು ನಮ್ಮ ಲಕ್ಷ್ಮಿಯ ಫ್ರೆಂಚ್ ರೂಪವೇ. ಈಗಂತೂ ಊರಿನ ಕಿರಾಣಿ ಅಂಗಡಿಯಲ್ಲೇ ಹತ್ತು ಬಗೆಯ ಕ್ರೀಮು, ಇಪ್ಪತ್ತು ಬಗೆಯ ತುಟಿಬಣ್ಣ. ಸಾಮಾನು ಹೆಚ್ಚಿತು, ಆದರೆ ಆ ಹಳೆಯ ಎರಡು ನಿಯಮಗಳು ಮರೆತುಹೋದವು. ಖಾನೆ ಮುಚ್ಚದಿರಲು ಅದರ ಅಳತೆ ಕಾರಣವಲ್ಲ, ಈ ಮರೆವೇ ಕಾರಣ.

ಆದುದರಿಂದ ಮೊದಲ ಕೆಲಸ ಜೋಡಿಸುವುದಲ್ಲ, ಬರಿದು ಮಾಡುವುದು. ಹುಳುವಿನ ಕೆಲಸ ಬಿಡುವಾಗಿರುವ ಒಂದು ಮಧ್ಯಾಹ್ನ ನೋಡಿಕೊಳ್ಳಿ. ನೆಲದ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿ, ಮೂರು ಖಾನೆಗಳಲ್ಲಿರುವುದೆಲ್ಲವನ್ನೂ ಅದರ ಮೇಲೆ ಸುರಿಯಿರಿ. ಹೊರಡದೆ ಮೂಲೆಯಲ್ಲಿ ಸಿಕ್ಕಿಕೊಂಡ ಪಿನ್ನುಗಳನ್ನೂ ಬಿಡಬೇಡಿ. ಬಳಿಕ ನಾಲ್ಕು ಗುಂಪು ಮಾಡಿ. ಕಣ್ಣಿಗೆ ಹಚ್ಚುವಂಥವು ಒಂದು. ಮುಖಕ್ಕೂ ತುಟಿಗೂ ಹಚ್ಚುವಂಥವು ಎರಡು. ಪೌಡರು, ಕುಂಕುಮಗಳಂಥ ಒಣ ಸಾಮಾನು ಮೂರು. ಬಾಚಣಿಗೆ, ಪಿನ್ನು, ರಿಬ್ಬನ್ನು, ಬಳೆಗಳು ನಾಲ್ಕು. ಯಾವ ಗುಂಪಿಗೂ ಸೇರದೆ ಉಳಿದವನ್ನು ನೋಡಿ. ತಲೆನೋವಿನ ಮಾತ್ರೆ, ಗಾಯದ ಮುಲಾಮು, ಬ್ಲೇಡು, ಹಳೆಯ ರಸೀತಿ ಇತ್ಯಾದಿ ಸಿಕ್ಕುವುದು ಖಂಡಿತ. ಅವಕ್ಕೆ ಈ ಮೇಜಿನಲ್ಲಿ ಜಾಗವಿಲ್ಲ. ಅವಸರದಲ್ಲಿ ಕಣ್ಣಿಗೊಂದನ್ನು ಹಚ್ಚಲು ಹೋಗಿ ಇನ್ನೊಂದನ್ನು ಹಚ್ಚುವ ಅಪಾಯ ಇರುವುದೇ ಹೀಗೆ ಎಲ್ಲವೂ ಕೂಡಿದಾಗ.

ಇನ್ನು ಒಂದೊಂದನ್ನೂ ಕೈಗೆತ್ತಿಕೊಂಡು ಮೂರು ಪ್ರಶ್ನೆ ಕೇಳಬೇಕು. ಇದು ಯಾರದು? ಇದನ್ನು ಯಾವಾಗ ತೆರೆದದ್ದು? ಇದರ ಮೈಮೇಲೆ ಏನು ಬರೆದಿದೆ?

ಯಾರದು ಎಂಬ ಪ್ರಶ್ನೆ ಕೂಡು ಕುಟುಂಬದಲ್ಲಿ ಸ್ವಲ್ಪ ಮುಜುಗರದ್ದು. ಒಂದೇ ಮನೆಯವರಲ್ಲಿ ನನ್ನದು ನಿನ್ನದೆಂದು ಏಕೆ ಎನ್ನುವರು. ಆದರೆ ಕಾಡಿಗೆ, ತುಟಿಬಣ್ಣ, ಬಾಚಣಿಗೆ, ಪೌಡರ್ ಹಚ್ಚುವ ಪಫ್ಫು, ಈ ನಾಲ್ಕರಲ್ಲಿ ಮಾತ್ರ ಪಂಕ್ತಿಭೇದ ಇರಲೇಬೇಕು. ಒಬ್ಬರಿಗೆ ಕಣ್ಣು ಬಂದರೆ ಕಾಡಿಗೆಯ ಕಡ್ಡಿ ಅದನ್ನು ಮನೆಮಂದಿಗೆಲ್ಲ ಹಂಚುವುದು. ಹೇನು, ಹೊಟ್ಟುಗಳ ವಿಷಯ ಬಾಚಣಿಗೆಗೆ ಗೊತ್ತು. ಎಂಜಲನ್ನು ಅಷ್ಟು ಎಚ್ಚರದಿಂದ ನೋಡುವ ನಾವು ಕಣ್ಣಿನ ಎಂಜಲನ್ನು ಎಣಿಸುವುದೇ ಇಲ್ಲ. ಕಣ್ಣು ಬಂದು ಗುಣವಾದ ಮೇಲೆ ಹಳೆಯ ಕಾಡಿಗೆಯನ್ನು ಮತ್ತೆ ಮುಟ್ಟದೆ ಎಸೆದುಬಿಡಬೇಕು.

ಯಾವಾಗ ತೆರೆದದ್ದು ಎಂಬ ಎರಡನೆಯ ಪ್ರಶ್ನೆಗೆ ಬಹುಮಂದಿಗೆ ಉತ್ತರ ಹೊಳೆಯುವುದಿಲ್ಲ. ಈ ಸಾಮಾನುಗಳು ಏಕೆ ಕೆಡುತ್ತವೆಂಬುದನ್ನು ತಿಳಿದರೆ ಪ್ರಶ್ನೆಯ ಮಹತ್ವ ಮನಸ್ಸಿಗೆ ಬರುವುದು. ಸ್ನೋ, ಕ್ರೀಮುಗಳಲ್ಲಿ ನೀರಿನ ಅಂಶ ಇರುವುದರಿಂದ ಸೂಕ್ಷ್ಮ ಜೀವಾಣುಗಳು ಅಲ್ಲಿ ಬೆಳೆಯಬಲ್ಲವು. ಅವನ್ನು ತಡೆಯುವ ಔಷಧವನ್ನು ತಯಾರಕರು ಬೆರೆಸಿರುವರಾದರೂ, ದಿನವೂ ಬೆರಳದ್ದುತ್ತ ಹೋದರೆ ಅದರ ಬಲ ಕುಂದುವುದು. ಎಣ್ಣೆ, ಮೇಣಗಳು ಗಾಳಿ ತಾಕಿ ಕಮಟಾಗುವುವು. ಬಿಸಿಲಿಗೆ ಬಣ್ಣವೂ ಪರಿಮಳವೂ ಮಾಸುವುವು. ಹೀಗೆ ಕಾವು, ಬೆಳಕು, ತೇವ, ಬೆರಳು ಈ ನಾಲ್ಕೇ ಶತ್ರುಗಳು.

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹುಳುಮನೆಗೆ ಕಾಲಿಡುವ ಮುನ್ನ ಕೈಕಾಲು ತೊಳೆಯುವಿರಿ. ಒಳಗೆ ಸೆಕೆ ಹೆಚ್ಚಿತೆ, ತೇವ ಹೆಚ್ಚಿತೆ ಎಂದು ದಿನಕ್ಕೆ ಹತ್ತು ಸಲ ನೋಡುವಿರಿ. ಒಂದು ಹುಳುವಿಗೆ ರೋಗ ತಗುಲಿದರೆ ಅದನ್ನು ಆರಿಸಿ ಹೊರಗೆ ಹಾಕುವಿರಿ. ಹುಳುವಿಗೆ ತೋರಿಸುವ ಈ ಎಚ್ಚರದಲ್ಲಿ ನಾಲ್ಕನೆಯ ಒಂದು ಪಾಲನ್ನು ಸ್ವಂತ ಮುಖಕ್ಕೆ ತೋರಿಸಿದರೆ ಸಾಕು. ಹಾಗೆಯೇ ಹುಳುಮನೆ ತೊಳೆಯುವ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಮುಂತಾದವನ್ನು ಖಾಲಿಯಾದ ಸ್ನೋ ಡಬ್ಬಿಗಳಲ್ಲಿ ತುಂಬಿಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. ಪರಿಮಳದ ಡಬ್ಬಿಯಲ್ಲಿ ವಿಷವಿದ್ದರೆ ಮಕ್ಕಳಿಗೆ ಹೇಗೆ ತಿಳಿಯಬೇಕು?

ತೆರೆದ ಮೇಲಿನ ಆಯುಷ್ಯ ಸ್ಥೂಲವಾಗಿ ಹೀಗೆ. ಕಣ್ಣಿಗೆ ಹಚ್ಚುವುದಕ್ಕೆ ಮೂರರಿಂದ ಆರು ತಿಂಗಳು. ಸ್ನೋ, ಕ್ರೀಮುಗಳಿಗೆ ಆರರಿಂದ ಹನ್ನೆರಡು ತಿಂಗಳು. ತುಟಿಬಣ್ಣಕ್ಕೆ ಒಂದು, ಹೆಚ್ಚೆಂದರೆ ಎರಡು ವರ್ಷ. ನೀರು ಸೋಕದಂತೆ ನೋಡಿಕೊಂಡ ಪೌಡರು ಎರಡು ವರ್ಷ ಬಾಳುವುದು. ಅವಧಿ ಮುಗಿಯದಿದ್ದರೂ ವಾಸನೆ ಬದಲಾದರೆ, ನೀರು ಬೇರೆ ಎಣ್ಣೆ ಬೇರೆ ಒಡೆದರೆ, ಬಣ್ಣ ಕಂದಿದರೆ ಮತ್ತೆ ಯೋಚಿಸದೆ ಹೊರಗೆ ಹಾಕಿ. ಹೊಸ ಡಬ್ಬಿಯನ್ನು ತೆರೆದ ದಿನ ಒಂದು ಚೂರು ಕಾಗದದ ಮೇಲೆ ತಿಂಗಳನ್ನೂ ವರ್ಷವನ್ನೂ ಬರೆದು ತಳಕ್ಕೆ ಅಂಟಿಸುವ ಅಭ್ಯಾಸವೊಂದಿದ್ದರೆ ಜ್ಞಾಪಕಶಕ್ತಿಯನ್ನು ದಂಡಿಸಬೇಕಾಗಿಲ್ಲ.

ಮೂರನೆಯದು ಮೈಮೇಲಿನ ಬರಹ. ನಮ್ಮ ದೇಶದ ಕಾನೂನಿನಂತೆ ಮಾರಾಟಕ್ಕೆ ಬರುವ ಪ್ರತಿಯೊಂದು ಪ್ರಸಾಧನದ ಮೇಲೂ ತಯಾರಕರ ಹೆಸರು ವಿಳಾಸ, ತಂಡದ ಸಂಖ್ಯೆ, ಬಳಕೆಯ ಕೊನೆಯ ತಿಂಗಳು ಇರಬೇಕು. ಇಲ್ಲಿಯೇ ತಯಾರಾದುದಾದರೆ ಪರವಾನಗಿಯ ಸಂಖ್ಯೆ, ಹೊರದೇಶದ್ದಾದರೆ ತರಿಸಿದವರ ಹೆಸರು ಇರಬೇಕು. ಅನೇಕ ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಭರಣಿಯ ಪುಟ್ಟ ಚಿತ್ರವೊಂದಿದ್ದು, ಅದರೊಳಗೆ 6 ಎಂ, 12 ಎಂ ಎಂದು ಅಚ್ಚಾಗಿರುವುದು. ತೆರೆದ ಮೇಲೆ ಇಷ್ಟು ತಿಂಗಳು ಎಂಬುದು ಅದರ ಅರ್ಥ. ಈ ಬರಹಗಳನ್ನು ಅಂಗಡಿಯಲ್ಲೇ ಓದಿ ಕೊಳ್ಳುವುದು ಉತ್ತಮ. ಬರಹವೇ ಇಲ್ಲದ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಈಗ ಮೇಜಿಗೆ ಬರೋಣ. ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ಅದನ್ನು ಇಡಬಾರದು. ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕೇ ಹೊರತು ಖಾನೆಗಳ ಮೇಲಲ್ಲ. ಬಚ್ಚಲಿನ ಗೋಡೆಗೆ ಒತ್ತಿ ನಿಲ್ಲಿಸಿದರೆ ಗೋಡೆಯ ತೇವಕ್ಕೆ ಕನ್ನಡಿಯ ಹಿಂದಿನ ಲೇಪ ಕೆಟ್ಟು ಅಂಚಿನಲ್ಲಿ ಕಪ್ಪು ಕಲೆಗಳು ಮೂಡುವುವು. ನಾಲ್ಕು ಬೆರಳಿನಷ್ಟು ಸಂದು ಬಿಡಿ. ಖಾನೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ದಪ್ಪ ಕಾಗದ ಹಾಸಿ. ಇರುವೆಗಳನ್ನು ಕರೆಯುವುದು ಚೆಲ್ಲಿದ ಎಣ್ಣೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಸೀಸೆಯನ್ನು ಖಾನೆಯಿಂದ ತೆಗೆದು, ಒಂದು ಸ್ಟೀಲ್ ತಟ್ಟೆಯಲ್ಲಿ ನಿಲ್ಲಿಸಿ ಮೇಜಿನ ಹೊರಗಿಟ್ಟರೆ ಇರುವೆಯ ಕಾಟ ನಿಲ್ಲುವುದು.

ಮೇಲಿನ ಖಾನೆ ದಿನನಿತ್ಯದ್ದು. ನಾಲ್ವರಿಗೆ ನಾಲ್ಕು ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ಅವರವರ ಬಾಚಣಿಗೆ, ಕಾಡಿಗೆ, ಬೊಟ್ಟುಗಳನ್ನು ಅವರವರ ಪೆಟ್ಟಿಗೆಯಲ್ಲಿಡಿ. ಇದಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ. ಮಿಠಾಯಿಯ ಡಬ್ಬ, ಬೂಟಿನ ಡಬ್ಬದ ಮುಚ್ಚಳ ಧಾರಾಳವಾಗಿ ಸಾಕು. ಅಡಿಗೆಮನೆಯಲ್ಲಿ ಮೂಲೆಗೆ ಬಿದ್ದ ಒಗ್ಗರಣೆ ಡಬ್ಬಿ ಇದ್ದರೆ ಚೆನ್ನಾಗಿ ತಿಕ್ಕಿ ಒಣಗಿಸಿ ತನ್ನಿ. ಅದರ ಬಟ್ಟಲುಗಳಲ್ಲಿ ಪಿನ್ನು, ಕ್ಲಿಪ್ಪು, ಓಲೆಯ ತಿರುಪು, ಸೇಫ್ಟಿಪಿನ್ನುಗಳು ಒಂದೊಂದಾಗಿ ಕುಳಿತರೆ ಬೆಳಗ್ಗೆ ಬಸ್ಸಿನ ಹೊತ್ತಿಗೆ ಹುಡುಕಾಟ ತಪ್ಪುವುದು.

ನಡುವಣ ಖಾನೆ ಮದುವೆ ಮುಂಜಿಗಳಿಗೆಂದು ಆಗೊಮ್ಮೆ ಈಗೊಮ್ಮೆ ಬಳಸುವ ಸಾಮಾನಿನದು. ಸೀಸೆಗಳನ್ನು ನಿಲ್ಲಿಸಿ ಇಡಬೇಕೇ ಹೊರತು ಮಲಗಿಸಬಾರದು. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ. ಆಗ ಹಳೆಯದು ಮೊದಲು ಮುಗಿಯುವುದು. ಉಗುರುಬಣ್ಣವನ್ನೂ ಅದನ್ನು ಅಳಿಸುವ ದ್ರವವನ್ನೂ ಇಲ್ಲಿ ಇಡದೆ, ಮಕ್ಕಳ ಕೈಗೆಟುಕದ ಗೂಡಿನಲ್ಲಿ, ಒಲೆಯಿಂದಲೂ ದೇವರ ದೀಪದಿಂದಲೂ ದೂರವಾಗಿ ಇಡಿ. ಅವು ಥಟ್ಟನೆ ಹೊತ್ತಿಕೊಳ್ಳುವ ಪದಾರ್ಥಗಳು. ಕೆಳಗಿನ ಖಾನೆಯಲ್ಲಿ ಬಳೆ, ರಿಬ್ಬನ್ನು, ಜಡೆಬಿಲ್ಲೆ, ಕುಚ್ಚುಗಳಿರಲಿ. ಚಿಕ್ಕ ಮಕ್ಕಳ ಕೈ ಮೊದಲು ಹೋಗುವುದು ಕೆಳಗಿನ ಖಾನೆಗೇ. ಆದುದರಿಂದ ಅಲ್ಲಿ ಬಾಯಿಗೆ ಹಾಕಿಕೊಂಡರೆ ಕೆಡುಕಾಗುವಂಥ ಯಾವುದೂ ಇರಕೂಡದು.

ಕನ್ನಡಿಯ ಅಂಚನ್ನೂ ಒಮ್ಮೆ ನೋಡಿ. ರಾತ್ರಿ ಮಲಗುವಾಗ ತೆಗೆದು ಅಂಟಿಸಿದ ಬೊಟ್ಟುಗಳು ಅಲ್ಲಿ ನಕ್ಷತ್ರಗಳಂತೆ ಸಾಲಾಗಿ ನಿಂತಿರುತ್ತವೆ. ಧೂಳು ಕೂತ ಅವನ್ನೇ ಮರುದಿನ ಹಣೆಗೆ ಒತ್ತುವುದು ಸರಿಯಲ್ಲ. ಅಲ್ಲದೆ ಕೆಲವು ಬೊಟ್ಟುಗಳ ಗೋಂದಿನಲ್ಲಿರುವ ರಾಸಾಯನಿಕಕ್ಕೆ ಕೆಲವರ ಚರ್ಮವು ಬಣ್ಣ ಕಳೆದುಕೊಂಡು, ಬೊಟ್ಟಿನಷ್ಟೇ ಅಗಲದ ಬಿಳಿಯ ಮಚ್ಚೆ ಏಳುವುದನ್ನು ಚರ್ಮವೈದ್ಯರು ಬಲ್ಲರು. ತುರಿಕೆಯೋ ಬಿಳುಪೋ ಕಂಡೊಡನೆ ಅಂಟುಬೊಟ್ಟನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು.

ಕುಂಕುಮವನ್ನು ಇಡಲು ಒಳ್ಳೆಯ ಭರಣಿ ಬೇಕೆಂದರೆ ನಿಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಮಾಗಡಿಯಿಂದ ರಾಮನಗರದ ಮೇಲೆ ಹೋದರೆ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ಸಿಕ್ಕುವುದು. ಅಲ್ಲಿನ ಬೊಂಬೆಗಳ ಖ್ಯಾತಿ ಲೋಕವೆಲ್ಲ ಹಬ್ಬಿದೆ. ಅವಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಉಂಟು. ಬೊಂಬೆ ಕಡೆಯುವ ಅದೇ ಕೈಗಳು ಕುಂಕುಮದ ಭರಣಿಯನ್ನೂ ಬಳೆ ತೂಗುಹಾಕುವ ಕಂಬವನ್ನೂ ಕಡೆಯುತ್ತವೆ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಗರಿಯಿಂದ ತಿಕ್ಕಿ ಹೊಳಪು ತರುವರು. ತಿರುಗಿಸಿ ಮುಚ್ಚುವ ಅದರ ಮುಚ್ಚಳ ಕುಂಕುಮವನ್ನು ಧೂಳಿನಿಂದಲೂ ತೇವದಿಂದಲೂ ಕಾಯುವುದು. ಆದರೆ ಅರಗಿನ ಸ್ವಭಾವವನ್ನು ತಿಳಿದಿರಬೇಕು. ಬಿಸಿನೀರಿನಲ್ಲಿ ತೊಳೆದರೆ ಮೆತ್ತಗಾಗುವುದು. ಮದ್ಯಸಾರವಿರುವ ಸೆಂಟು ಚೆಲ್ಲಿದರೆ ಕರಗಿ ಕಲೆಯಾಗುವುದು. ಆದುದರಿಂದ ಆ ಭರಣಿ ಒಣ ಸಾಮಾನಿಗೆ ಮಾತ್ರ, ಸ್ನೋ, ಎಣ್ಣೆಗಳಿಗಲ್ಲ. ಕುಂಕುಮವನ್ನೂ ಹೆಸರು ವಿಳಾಸ ಉಳ್ಳ ಕಡೆಯಿಂದಲೇ ಕೊಳ್ಳಿ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದನ್ನು ಆರತಿಯ ಓಕುಳಿಯಲ್ಲಿ ಎಲ್ಲರೂ ಕಂಡಿದ್ದೇವೆ. ಆದರೆ ಪೇಟೆಯಲ್ಲಿ ಕೆಂಪಗಿರುವುದೆಲ್ಲ ಅರಿಶಿನದಿಂದ ಆದದ್ದಲ್ಲ.

ಎಳೆಯ ಕೂಸುಗಳಿರುವ ಮನೆಗಳಿಗೆ ಒಂದು ಮಾತು. ಮಗುವಿನ ಕಣ್ಣಿಗೆ ಕಾಡಿಗೆ ತೀಡುವುದು ಬೇಡವೆಂದು ವೈದ್ಯರು ಹೇಳುವರು. ಕಣ್ಣಿಗೆ ಸೋಂಕು ತಗಲುವ ಭಯವಿದೆ. ಸೀಸ ಬೆರೆತ ಸುರ್ಮಾ, ಕಾಡಿಗೆಗಳೂ ಪೇಟೆಯಲ್ಲಿ ಸಿಕ್ಕಿಬಿದ್ದಿವೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ದೃಷ್ಟಿಬೊಟ್ಟು ಇಡಲೇಬೇಕೆಂದು ಅಜ್ಜಿ ಹಟ ಹಿಡಿದರೆ ಅಂಗಾಲಿಗೆ ಇಡಬಹುದು.

ಇನ್ನು, ಪಕ್ಕಕ್ಕಿಟ್ಟ ಆ ಡಬ್ಬಿ.

ಸೋದರಿ, ಅದನ್ನು ಯಾವ ಖಾನೆಯಲ್ಲೂ ಇಡಕೂಡದು. ಹದಿನೈದೇ ದಿನಕ್ಕೆ ಮುಖವನ್ನು ಬೆಳ್ಳಗೆ ಮಾಡುವ, ಹೆಸರು ವಿಳಾಸಗಳಿಲ್ಲದ ಕ್ರೀಮಿನ ವಿಷಯದಲ್ಲಿ ಎರಡು ಅನುಮಾನ ಪಡಲೇಬೇಕು. ಒಂದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಹುಟ್ಟದಂತೆ ಅದು ತಡೆಯುವುದು. ಮುಖ ತಿಳಿಯಾಗುವುದು ಅದರಿಂದಲೇ. ಆದರೆ ಅದು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕೆಡಿಸುವುದು. ಬಸುರಿಯ ಮೈಯಿಂದ ಹೊಟ್ಟೆಯ ಕೂಸಿಗೂ ಸೇರುವುದು. ಆವಿಯಾಗಿಯೂ, ಟವೆಲು ದಿಂಬುಗಳ ಮೂಲಕವೂ, ಹಚ್ಚದವರಿಗೂ ತಗಲುವುದು. ಇನ್ನೊಂದು ಸ್ಟಿರಾಯ್ಡ್ ಔಷಧ. ಅದು ಚರ್ಮವನ್ನು ತೆಳ್ಳಗೆ ಮಾಡುವುದು. ಬಿಟ್ಟೊಡನೆ ಮುಖ ಉರಿದು ಕೆಂಪಾಗುವುದರಿಂದ ಮತ್ತೆ ಅದನ್ನೇ ಹಚ್ಚುವಂತೆ ಮಾಡುವುದು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಸರಕಾರ ಬಿಗಿಮಾಡಿತು.

ಇದು ಹೆದರಿಸುವುದಕ್ಕಾಗಿ ಹೇಳಿದ ಮಾತಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯಿಂದ ಬಂದ 22 ರೋಗಿಗಳನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಅಪರೂಪದ ಒಂದೇ ತೆರನ ಲಕ್ಷಣ ಕಂಡಿತು; ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರೇ. ಸಮಾಧಾನದ ಸಂಗತಿಯೆಂದರೆ, ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಪಾದರಸದ ಕೇಡನ್ನು ತಡೆಯಲೆಂದು 2013ರಲ್ಲಿ ಆದ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. 2020ರ ಪ್ರಸಾಧನ ನಿಯಮಗಳು ಮುಖದ ಕ್ರೀಮಿನಲ್ಲಿ ತಿಳಿಯದೆ ಬೆರೆತ ಪಾದರಸಕ್ಕೂ ಹತ್ತು ಲಕ್ಷದಲ್ಲಿ ಒಂದು ಪಾಲಿನ ಮಿತಿ ಹಾಕಿದವು. ಹೆಸರಿಲ್ಲದ ಡಬ್ಬಿಗೆ ಯಾವ ಮಿತಿ?

ಒಂದು ಗುರುತನ್ನು ಹೇಳುತ್ತೇನೆ. ಚಿನ್ನ ಬೆಳ್ಳಿಗಳಿಗೆ ತಾಕಿಸಬಾರದೆಂಬ ಸೂಚನೆ ಕ್ರೀಮಿನ ಮೇಲಿದ್ದರೆ ಅದರಲ್ಲಿ ಪಾದರಸ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಪಾದರಸ ಸೋಕಿದರೆ ಚಿನ್ನ ಬೆಳ್ಳಗಾಗುವುದನ್ನು ಯಾವ ಅಕ್ಕಸಾಲಿಯನ್ನು ಕೇಳಿದರೂ ಹೇಳಿಯಾರು. ಓಲೆ, ಉಂಗುರಗಳು ಕಾರಣವಿಲ್ಲದೆ ಬಿಳಿಚಿಕೊಂಡರೆ ಕ್ರೀಮಿನ ಮೇಲೆ ಕಣ್ಣಿಡಿ. ಆದರೆ ಬಂಗಾರ ಬಿಳಿಚಲಿಲ್ಲವೆಂದು ನಿಶ್ಚಿಂತೆಯಾಗಿ ಇರುವಂತೆಯೂ ಇಲ್ಲ.

ಮಾಡಬೇಕಾದದ್ದು ಇಷ್ಟು. ಇಂದಿನಿಂದಲೇ ಹಚ್ಚುವುದನ್ನು ನಿಲ್ಲಿಸಬೇಕು. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒಲೆಗೆ ಹಾಕಬೇಡಿ, ತಿಪ್ಪೆಗೆ ಎಸೆಯಬೇಡಿ. ಅದನ್ನು ಜೊತೆಯಲ್ಲೇ ತೆಗೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಮುಖ, ಕಾಲುಗಳಲ್ಲಿ ಊತವೋ ಮೂತ್ರದಲ್ಲಿ ನೊರೆಯೋ ಕಂಡಿದ್ದರೆ ಒಂದು ದಿನವೂ ತಡಮಾಡುವಂತಿಲ್ಲ. ಹಚ್ಚುವಾಗ ಬಳಸಿದ ಟವೆಲನ್ನು ಬೇರೆ ಮಾಡಿ.

ಇದನ್ನು ನಾದಿನಿಗೆ ಹೇಳುವುದು ಹೇಗೆಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತಿದೆ. ಅತ್ತಿಗೆ ಹೇಳಿದರೆ ಹೊಟ್ಟೆಕಿಚ್ಚು ಎನ್ನಬಹುದು, ಮದುವೆಗೆ ಅಡ್ಡ ಬಂದಳೆನ್ನಬಹುದು. ಆದುದರಿಂದ ಒಬ್ಬರೇ ಕುಳಿತು ಖಾನೆ ಬರಿದು ಮಾಡಬೇಡಿ. ಆ ಮಧ್ಯಾಹ್ನ ಆಕೆಯನ್ನೂ ಪಂಚೆಯ ಆಚೆ ಬದಿಯಲ್ಲಿ ಕೂರಿಸಿಕೊಳ್ಳಿ. ನಿಮ್ಮ ಸಾಮಾನಿನಿಂದಲೇ ಆರಂಭಿಸಿ. ನಿಮ್ಮ ಹಳೆಯ ಕಾಡಿಗೆ, ಒಡೆದ ಸ್ನೋಗಳನ್ನು ನೀವೇ ಮೊದಲು ಎಸೆಯಿರಿ. ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಡಬ್ಬಿಗೂ ಕೇಳುತ್ತ ಹೋದರೆ ಆ ಡಬ್ಬಿಯ ಸರದಿಯೂ ತಾನಾಗಿ ಬರುವುದು. ಓದುವ ಅಕ್ಷರವಿಲ್ಲದ ಡಬ್ಬಿ ಅದೊಂದೇ ಎಂಬುದನ್ನು ಆಕೆಯೇ ಕಾಣುವಳು. ಅಷ್ಟಾದ ಮೇಲೆ ಆಸ್ಪತ್ರೆಗೆ ಒಬ್ಬಳನ್ನೇ ಕಳುಹಿಸದೆ ನೀವೂ ಜೊತೆಗೆ ಹೋಗಿ.

ಅತ್ತೆಯವರಿಗೂ ಒಂದು ಮಾತು ತಲುಪಲಿ. ಗಂಡಿನ ಕಡೆಯವರು ನೋಡಿ ಹೋದ ಮೇಲೂ ಆ ಹುಡುಗಿ ಐವತ್ತು ವರ್ಷ ಬಾಳಬೇಕು. ಅದಕ್ಕೆ ಬೇಕಾದದ್ದು ಗಟ್ಟಿಯಾದ ಮೈ. ಕ್ರೀಮು ಬಿಟ್ಟ ಕೆಲವು ವಾರಗಳಲ್ಲಿ ಮುಖ ತನ್ನ ಸಹಜ ಬಣ್ಣಕ್ಕೆ ಮರಳಬಹುದು. ಹದಿನೈದು ದಿನದ ಆ ಬಣ್ಣವನ್ನು ನೋಡಿ ಒಪ್ಪುವ ವರನಿಗಿಂತ, ಸಹಜವಾದ ಮುಖವನ್ನು ನೋಡಿ ಒಪ್ಪುವವನು ಮೇಲಲ್ಲವೆ?

ಕೊನೆಯದಾಗಿ, ಜೋಡಿಸಿದ ಖಾನೆ ಹಾಗೆಯೇ ಉಳಿಯಬೇಕಾದರೆ ವರ್ಷದಲ್ಲಿ ಮೂರು ದಿನಗಳನ್ನು ಗೊತ್ತುಮಾಡಿಕೊಳ್ಳಿ. ಸಂಕ್ರಾಂತಿ, ಯುಗಾದಿ, ಗೌರಿಹಬ್ಬ, ಈ ಮೂರರ ಹಿಂದಿನ ದಿನ ಮನೆ ಸಾರಿಸಿ ಗುಡಿಸುವಾಗಲೇ ಕನ್ನಡಿ ಮೇಜನ್ನೂ ಬರಿದು ಮಾಡಿ ಮತ್ತೆ ತುಂಬಿ. ಕಾಡಿಗೆ ಬದಲಾಗುವುದು, ಪಫ್ಫು ತೊಳೆಯುವುದು, ಬಾಚಣಿಗೆಗಳು ಸೀಗೆಪುಡಿಯ ನೀರಿನಲ್ಲಿ ನೆನೆಯುವುದು ಆ ದಿನವೇ. ಹೊಸ ಡಬ್ಬಿ ಒಳಗೆ ಬರಬೇಕಾದರೆ ಹಳೆಯದೊಂದು ಮುಗಿದಿರಬೇಕೆಂಬ ಕಟ್ಟುಪಾಡನ್ನು ನಾಲ್ವರೂ ಒಪ್ಪಿಕೊಂಡರೆ ಮೂರು ಖಾನೆಗಳು ಧಾರಾಳವಾಗಿ ಸಾಕು. ಈ ಸಲ ಚನ್ನಪಟ್ಟಣದ ಕಡೆ ಹೋದವರು ನಾದಿನಿಗೆಂದು ಒಂದು ಕುಂಕುಮದ ಭರಣಿಯನ್ನು ತಂದುಕೊಡಿ. ಆ ಡಬ್ಬಿ ತೆರವಾದ ಜಾಗದಲ್ಲಿ ಅದು ಕೂರಲಿ. ಆಸ್ಪತ್ರೆಯಲ್ಲಿ ಏನೆಂದರೆಂಬುದನ್ನು ಎರಡು ಸಾಲು ಬರೆದು ತಿಳಿಸಿದರೆ ಸಂತೋಷ.